‘ಎಟಿಎಂ’ ಅಂದ್ರೆ ಯಾವ ಕಾರ್ಡ್ ರೀ?

ಸಿಂಧನೂರು ಕಡೆಯ ಬ್ಯಾಂಕ್ ಕೌಂಟರಿನಲ್ಲಿ ಡೆಬಿಟ್ ಕಾರ್ಡೂ ‘ಎಟಿಎಂ’, ಕ್ರೆಡಿಟ್ ಕಾರ್ಡೂ ‘ಎಟಿಎಂ’, ಬೆಳೆಸಾಲದ ರೂಪೇ ಕಾರ್ಡೂ ‘ಎಟಿಎಂ’. ಮೂರೂ ಒಂದೇ ಅಳತೆಯ ಪ್ಲಾಸ್ಟಿಕ್ಕು, ಮೂರಕ್ಕೂ ಪಿನ್ನು. ಹೊಸದಾಗಿ ಕೌಂಟರಿಗೆ ಬರುವ ಸಿಬ್ಬಂದಿ ಮೊದಲು ಕಲಿಯಬೇಕಾದದ್ದು ಇಷ್ಟೇ: ಯಾರಾದರೂ ‘ಎಟಿಎಂ’ ಅಂದರೆ, ‘ಕಾರ್ಡ್ ತೋರಿಸ್ರಿ’ ಅನ್ನಬೇಕು. ಮೇಲೆ ಡೆಬಿಟ್ ಎಂದಿದೆಯೋ ಕ್ರೆಡಿಟ್ ಎಂದಿದೆಯೋ ನೋಡದೆ ಉತ್ತರ ಕೊಡಬಾರದು.

ಡೆಬಿಟ್ ಕಾರ್ಡ್ ಉಜ್ಜಿದರೆ ಹೋಗುವುದು ಉಳಿತಾಯ ಖಾತೆಯಲ್ಲಿರುವ ಸ್ವಂತ ರೊಕ್ಕ, ಆ ಕ್ಷಣಕ್ಕೇ. ಕ್ರೆಡಿಟ್ ಕಾರ್ಡಿನದು ಬ್ಯಾಂಕಿನ ರೊಕ್ಕ, ಅಂದರೆ ಸಾಲ. ಇದನ್ನು ಎಲ್ಲರೂ ಕೇಳಿರುತ್ತಾರೆ. ಪೆಟ್ಟು ಬೀಳುವುದು ಕ್ರೆಡಿಟ್ ಕಾರ್ಡನ್ನು ಎಟಿಎಂ ಮಷೀನಿಗೆ ಹಾಕಿದಾಗ. ಅಂಗಡಿಯಲ್ಲಿ ಕೊಂಡದ್ದಕ್ಕೆ ಸಿಗುವ ಬಡ್ಡಿರಹಿತ ದಿನಗಳು ನಗದಿಗೆ ಇಲ್ಲ. ತೆಗೆದ ದಿನದಿಂದಲೇ ಬಡ್ಡಿ. ಸಾಮಾನ್ಯವಾಗಿ ಶುಲ್ಕ ಶೇ 2.5, ಕನಿಷ್ಠ ₹500. ₹10,000 ತೆಗೆದರೆ ಶುಲ್ಕ ₹500, ಅದರ ಮೇಲೆ ಶೇ 18 ಜಿಎಸ್‌ಟಿ ₹90. ತಿಂಗಳಿಗೆ ಶೇ 3.5 ಬಡ್ಡಿಯಂತೆ ₹350, ಅದಕ್ಕೂ ಜಿಎಸ್‌ಟಿ ₹63. ಒಂದೇ ತಿಂಗಳಿಗೆ ₹1,003. ಬಡ್ಡಿಯನ್ನು ಶೇಕಡಾದಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ‘ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ’ ಅಂದರೆ ಊರಿನ ಕೈಸಾಲದ ಲೆಕ್ಕ ತಾನಾಗಿ ನೆನಪಾಗುತ್ತದೆ. ಈಗಾಗಲೇ ತೆಗೆದುಬಿಟ್ಟಿದ್ದರೆ ಬಿಲ್ ಬರಲಿ ಎಂದು ಕಾಯಬಾರದು. ಬಡ್ಡಿ ದಿನದ ಲೆಕ್ಕದ್ದು. ರೊಕ್ಕ ಬಂದ ದಿನವೇ ಕಾರ್ಡಿಗೆ ಕಟ್ಟಿಬಿಡಬೇಕು.

ಇನ್ನೊಂದು ಬಲೆ, ಬಿಲ್ಲಿನಲ್ಲಿ ಕಾಣುವ ‘ಮಿನಿಮಮ್ ಡ್ಯೂ’, ಅಂದರೆ ಆ ತಿಂಗಳು ಕಟ್ಟಲೇಬೇಕಾದ ಕನಿಷ್ಠ ಮೊತ್ತ. ₹20,000 ಬಾಕಿಗೆ ಸುಮಾರು ₹1,000 ಕಟ್ಟಿದರೆ ತಡ ಶುಲ್ಕ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಅದೂ ಉಳಿದ ₹19,000ಕ್ಕೆ ಮಾತ್ರವಲ್ಲ: ಕೊಂಡ ದಿನದಿಂದ ಕಟ್ಟಿದ ದಿನದವರೆಗೆ ಪೂರ್ತಿ ₹20,000ಕ್ಕೆ, ಆಮೇಲೆ ₹19,000ಕ್ಕೆ. ಹಳೆಯ ಬಾಕಿ ತೀರುವವರೆಗೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ. ಬಿಲ್ ತಾರೀಖು 10, ಕೊನೆಯ ದಿನ 30 ಎಂದಿಟ್ಟುಕೊಳ್ಳಿ. 9ಕ್ಕೆ ಕೊಂಡರೆ ಬಡ್ಡಿರಹಿತವಾಗಿ 21 ದಿನ ಸಿಗುತ್ತದೆ, 11ಕ್ಕೆ ಕೊಂಡರೆ 50ರ ಹತ್ತಿರ. ಬಾಕಿ ಪೂರ್ತಿ ಕಟ್ಟುವವರಿಗೆ ಮಾತ್ರ ಈ ಲಾಭ.

ಕಿಸಾನ್ ಕ್ರೆಡಿಟ್ ಕಾರ್ಡಿನ ರೂಪೇ ಕಾರ್ಡ್ ನಡುವಿನ ಜಾತಿ. ಬಳಸುವಾಗ ಡೆಬಿಟ್ ಕಾರ್ಡಿನಂತೆ, ಒಳಗಿರುವುದು ಬೆಳೆಸಾಲ. ₹3 ಲಕ್ಷದವರೆಗೆ ಬಡ್ಡಿ ವರ್ಷಕ್ಕೆ ಶೇ 7. ಗಡುವಿನೊಳಗೆ ಕಟ್ಟಿದರೆ ಇನ್ನೂ ಶೇ 3 ರಿಯಾಯಿತಿ ಸಿಕ್ಕಿ ಶೇ 4ಕ್ಕೆ ಇಳಿಯುತ್ತದೆ. ಬತ್ತದ ಗೊಬ್ಬರಕ್ಕೆಂದು ಇಟ್ಟ ಮಿತಿಯನ್ನು ಮದುವೆ ಜವಳಿಗೆ ಉಜ್ಜಿ, ‘ಖಾತ್ಯಾಗ ರೊಕ್ಕ ಇತ್ತಲ್ರೀ’ ಅನ್ನುವವರುಂಟು. ಇದ್ದದ್ದು ರೊಕ್ಕವಲ್ಲ, ಸಾಲದ ಮಿತಿ. ಗಡುವು ದಾಟಿತೆಂದರೆ ಆ ಶೇ 3 ಹೋಯಿತು.

ಕಾರ್ಡ್ ಕಳೆದರೆ ಅಥವಾ ಗೊತ್ತಿಲ್ಲದ ಕಡಿತ ಕಂಡರೆ ಡೆಬಿಟ್ ಕಾರ್ಡಿಗೆ ಅವಸರ ಹೆಚ್ಚು, ಏಕೆಂದರೆ ಖಾಲಿಯಾಗುವುದು ಸ್ವಂತ ಖಾತೆ. ಮೊದಲು ಆ್ಯಪಿನಲ್ಲಿ ಬ್ಲಾಕ್, ಆಗದಿದ್ದರೆ ಸಹಾಯವಾಣಿಗೆ ಕರೆ. ಕಾರ್ಡಿನ ಹಿಂದಿರುವ ಆ ಸಂಖ್ಯೆಯನ್ನು ಮೊದಲೇ ಫೋನಿನಲ್ಲಿ ಉಳಿಸಿರಬೇಕು, ಕಾರ್ಡೇ ಕಳೆದ ಮೇಲೆ ಎಲ್ಲಿ ನೋಡುವುದು? ವಂಚನೆಯಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ದೂರು. ಆರ್‌ಬಿಐ 2017ರಲ್ಲಿ ಹಾಕಿಕೊಟ್ಟ ಲೆಕ್ಕದಲ್ಲಿ, ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದ ಆದ ಮೋಸವನ್ನು 3 ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಸೊನ್ನೆ. 4ರಿಂದ 7 ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ ₹10,000. ಒಟಿಪಿಯನ್ನು ತಾವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ. ಹಾಗಾಗಿ ದೂರು ಕೊಟ್ಟ ವೇಳೆ ಮತ್ತು ದೂರಿನ ಸಂಖ್ಯೆಯನ್ನು ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಸಿಯೇ ಕಳಿಸಬೇಕು.