ರಿಪೋರ್ಟ್ ನಾರ್ಮಲ್, ನಾನು?

ದಪ್ಪಗಾಗುವ ಭಯಕ್ಕೆ ಊಟ ಬಿಟ್ಟು ಸೊರಗುವ ಕಾಯಿಲೆ ಅನೊರೆಕ್ಸಿಯಾದಿಂದ ಹೊರಗೆ ಬಂದು ಎರಡು ವರ್ಷವಾಗಿತ್ತು. ತೂಕ ಸರಿಹೋಗಿತ್ತು. ನಿಂತೇ ಹೋಗಿದ್ದ ಮುಟ್ಟು ಮತ್ತೆ ಶುರುವಾಗಿತ್ತು. ಅವತ್ತು ಡಾಕ್ಟರ್ ರಕ್ತದ ರಿಪೋರ್ಟ್ ನೋಡಿ, "ಥೈರಾಯ್ಡ್, ಈಸ್ಟ್ರೊಜೆನ್, ಎಲ್ಲ ನಾರ್ಮಲ್" ಎಂದರು. ಅಮ್ಮನ ಮುಖ ಅರಳಿತು. ನನಗೆ ಮಾತ್ರ ಅಳು ಬಂತು.

ಎಲ್ಲ ನಾರ್ಮಲ್ ಆಗಿದ್ದರೆ ರಾತ್ರಿ ಎರಡು ಗಂಟೆಗೆ ಎದ್ದು ಕೂತು, ಹಗಲು ಆಡಿದ ಒಂದು ಮಾತನ್ನು ನೂರು ಸಲ ಯಾಕೆ ಕೆದಕುತ್ತೇನೆ? "ಹಾಗಾದ್ರೆ ಮೆದುಳನ್ನೂ ಟೆಸ್ಟ್ ಮಾಡಿ" ಎಂದೆ, ಸ್ವಲ್ಪ ಸಿಟ್ಟಿನಲ್ಲೇ.

ಅವರು ನಗಲಿಲ್ಲ. ಮನಸ್ಸಿನ ಏರಿಳಿತಕ್ಕೆ ಸಂಬಂಧಿಸಿದ ಸೆರೊಟೋನಿನ್ ಎಂಬ ರಾಸಾಯನಿಕ ಮೆದುಳಿನಲ್ಲಿ ಎಷ್ಟಿದೆ ಎಂಬುದು ರಕ್ತದಲ್ಲಿ ಕಾಣುವುದಿಲ್ಲವಂತೆ. ಮೈಯ ಸೆರೊಟೋನಿನ್‌ನಲ್ಲಿ ನೂರಕ್ಕೆ ಸುಮಾರು 90 ಪಾಲು ತಯಾರಾಗುವುದು ಕರುಳಿನಲ್ಲಿ. ಅದು ಮೆದುಳಿಗೆ ದಾಟುವುದಿಲ್ಲ. ಮೆದುಳಿನ ಕಥೆ ಬೇಕೆಂದರೆ ಬೆನ್ನಿಗೆ ಸೂಜಿ ಹಾಕಿ, ಬೆನ್ನುಹುರಿಯ ಸುತ್ತಲಿನ ದ್ರವ ತೆಗೆಯಬೇಕು. ಸೆರೊಟೋನಿನ್ ಒಡೆದ ಮೇಲೆ ಉಳಿಯುವ ಪದಾರ್ಥವನ್ನು ಅದರಲ್ಲಿ ಅಳೆಯಬೇಕು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಸೂಜಿ ಅಂದ್ರೆ ನನಗೆ ಮೊದಲಿಂದಲೂ ಆಗಲ್ಲ.

"ಬೇರೆಯವರು ನಿಮಗೋಸ್ಕರ ಚುಚ್ಚಿಸಿಕೊಂಡಿದ್ದಾರೆ" ಎಂದರು. ವಾಲ್ಟರ್ ಕೇ ಎಂಬ ಮನೋವೈದ್ಯರ ತಂಡ ಹೀಗೆ ಅಳೆದು 1991ರಲ್ಲಿ ಪ್ರಕಟಿಸಿತ್ತಂತೆ. ಕಾಯಿಲೆಯಲ್ಲಿ ಸೊರಗಿದವರಲ್ಲಿ ಆ ಮಟ್ಟ ಕಡಿಮೆ ಇರುತ್ತದೆ. ಅದರಲ್ಲಿ ಆಶ್ಚರ್ಯವಿಲ್ಲ: ಸೆರೊಟೋನಿನ್ ತಯಾರಾಗಲು ಬೇಕಾದ ಟ್ರಿಪ್ಟೊಫಾನ್ ಎಂಬ ಪೋಷಕಾಂಶ ಊಟದಿಂದಲೇ ಬರಬೇಕು. ಆದರೆ ತೂಕ ಮರಳಿ ಬಹಳ ಕಾಲವಾದವರಲ್ಲಿ ಅದು ಸಾಮಾನ್ಯರಿಗಿಂತ ಜಾಸ್ತಿ ಇತ್ತು! ಆತಂಕ, ಎಲ್ಲವೂ ಅಚ್ಚುಕಟ್ಟಾಗಿಯೇ ಇರಬೇಕೆಂಬ ಹಟ ಇದಕ್ಕೆ ತಳುಕು ಹಾಕಿಕೊಂಡಿರಬಹುದು ಎಂದರು. ಕಾಯಿಲೆಗೆ ಮೊದಲೇ ಹಾಗಿತ್ತೋ, ಕಾಯಿಲೆ ಬಿಟ್ಟುಹೋದ ಗುರುತೋ ಎಂಬುದು ಮಾತ್ರ ಆ ಅಳತೆಯಿಂದ ತಿಳಿಯುವುದಿಲ್ಲ.

ಊಟ ಬಿಟ್ಟಾಗ ತಲೆಯೊಳಗೆ ಏನೋ ತಣ್ಣಗಾದಂತೆ ಅನ್ನಿಸುತ್ತಿತ್ತು. ಅದನ್ನು ನನ್ನ ಗಟ್ಟಿತನ ಅಂದುಕೊಂಡಿದ್ದೆ. ಹೊಟ್ಟೆಗಿಲ್ಲದ ಮೆದುಳು ಮಂಕಾಗಿದ್ದಿರಬಹುದು, ಅಷ್ಟೆ. ಎಷ್ಟು ವರ್ಷ ಅದನ್ನೇ ಹೆಮ್ಮೆ ಅಂತ ಹೊತ್ತುಕೊಂಡು ತಿರುಗಿದೆ!

"ಮತ್ತೆ ಇದಕ್ಕೇನು ಮಾಡೋದು ಡಾಕ್ಟರ್?" ಅಮ್ಮ ಕೇಳಿದಳು.

"ಹೊತ್ತುಹೊತ್ತಿಗೆ ಊಟ. ಆತಂಕಕ್ಕೆ ಬೇರೆಯಾಗಿ ಥೆರಪಿ. ತೂಕ ಬಂತು ಅಂತ ಅದನ್ನು ಬಿಡೋ ಹಾಗಿಲ್ಲ."

ಹೊರಗೆ ಬೆಂಚಿನ ಮೇಲೆ ಕೂತು ರಿಪೋರ್ಟನ್ನು ಫೈಲಿಗೆ ಸೇರಿಸಿದೆ. ತಾರೀಖಿನ ಪ್ರಕಾರ, ಅಂಚಿಗೆ ಅಂಚು ಕೂಡಿಸಿ. ಒಂದು ಹಾಳೆ ತುಸು ಸೊಟ್ಟಗಿತ್ತು. ಅಮ್ಮ ನನ್ನ ಕೈಯನ್ನೇ ನೋಡುತ್ತಿದ್ದಳು. ಇಬ್ಬರಿಗೂ ನಗು ಬಂತು. ಆಮೇಲೆ ಹಾಳೆ ತೆಗೆದು ಸರಿಮಾಡಿದೆ.