ಆಲ್ಥಿಯಾ ನಾಲ್ಕಾಣೆ

ಮಗಳ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಮೆಷಿನ್‌ಗಳಿವೆ. ನ್ಯೂಜೆರ್ಸಿಯ ಹಳೇ ಕಟ್ಟಡ. ಇಲ್ಲಿ ಕಾರ್ಡ್ ನಡೆಯಲ್ಲ, ಫೋನ್ ನಡೆಯಲ್ಲ, ಕ್ವಾರ್ಟರ್ ನಾಣ್ಯವೇ ಬೇಕು. ಡಾಲರಿನ ಕಾಲು ಭಾಗ. ನಾನು ಬಂದ ದಿನದಿಂದ ಅದನ್ನು ನಾಲ್ಕಾಣೆ ಅಂತಲೇ ಕರೆಯುತ್ತೇನೆ. ಮಗಳು ಬ್ಯಾಂಕಿನಿಂದ ಹತ್ತು ಡಾಲರಿಗೆ ನಲವತ್ತು ನಾಣ್ಯದ ಸುರುಳಿ ತಂದು ಉಪ್ಪಿನಕಾಯಿ ಬಾಟಲಿಗೆ ಸುರಿದಿಡುತ್ತಾಳೆ. ಬಟ್ಟೆ ಒಗೆಯೋದು ನನ್ನ ಪಾಲಿನ ಕೆಲಸ.

ಹೋದ ವಾರ ಮೆಷಿನ್ ಮುಂದೆ ನಿಂತು ಎಣಿಸುತ್ತಿದ್ದೆ. ಒಂದು ನಾಣ್ಯ ಹೊಸದು, ಫಳಫಳ ಅನ್ನುತ್ತಿತ್ತು. ಒಂದು ಕಡೆ ಎಂದಿನಂತೆ ವಾಷಿಂಗ್ಟನ್. ತಿರುಗಿಸಿದರೆ ಟೆನಿಸ್ ರ‍್ಯಾಕೆಟ್ ಹಿಡಿದ ಹೆಂಗಸು. ಕನ್ನಡಕ ಸರಿಮಾಡಿಕೊಂಡು ಹೆಸರು ಓದಿದೆ. ಆಲ್ಥಿಯಾ ಗಿಬ್ಸನ್.

"ಅಯ್ಯೋ, ನೀನಾ!" ಅಂದುಬಿಟ್ಟೆ, ಜೋರಾಗಿಯೇ. ಪಕ್ಕದ ಮೆಷಿನ್‌ನ ಹುಡುಗ ಕಿವಿಯಿಂದ ಇಯರ್‌ಫೋನ್ ತೆಗೆದು ನನ್ನನ್ನೇ ನೋಡಿದ.

ಅಮೆರಿಕದ ಟಂಕಸಾಲೆ 2022ರಿಂದ 2025ರವರೆಗೆ ಇಪ್ಪತ್ತು ಹೆಂಗಸರ ನೆನಪಿಗೆ ಇಪ್ಪತ್ತು ಬಗೆಯ ನಾಲ್ಕಾಣೆ ಹೊರಡಿಸಿತು. ಸಾಲಿನಲ್ಲಿ ಕೊನೆಯವಳು ಆಲ್ಥಿಯಾ, ವಿಂಬಲ್ಡನ್ ಗೆದ್ದ ಅಮೆರಿಕದ ಕಪ್ಪು ಆಟಗಾರ್ತಿ. ಅವಳು ಅಂತ ಏಕವಚನದಲ್ಲೇ ಬರೆಯುತ್ತೇನೆ, ಬೈಯಬೇಡಿ. ನೆಟ್‌ನ ಆಚೆ ಈಚೆ ನಿಂತವರಿಗೆ ಬಹುವಚನ ಒಗ್ಗಲ್ಲ.

ಹೌದು, ನಾನೂ ಕಾಲೇಜಿನಲ್ಲಿ ಟೆನಿಸ್ ಆಡಿದವಳು. ಮೈಸೂರಿನಲ್ಲಿ, 1985ರಿಂದ ಮೂರು ವರ್ಷ. ಮಣ್ಣಿನ ಕೋರ್ಟು. ಬೆಳಗ್ಗೆ ಐದೂವರೆಗೆ ಹೋಗಿ ನೀರು ಹಾಕಿ, ರೋಲರ್ ಎಳೆದು, ಸುಣ್ಣದ ಗೆರೆ ಬಿಟ್ಟುಕೊಟ್ಟರೆ ಮೆಂಬರ್‌ಗಳು ಬರುವವರೆಗೆ ಆಡಬಹುದಿತ್ತು. ಕಲಿಸಿದ್ದು ಕೋಚ್ ಅಲ್ಲ, ಕ್ಲಬ್ಬಿನ ಮಾರ್ಕರ್, ಅಂದರೆ ಮೆಂಬರ್‌ಗಳ ಜೊತೆ ಆಡಲು ಇಟ್ಟುಕೊಂಡ ಆಳು. ಅಣ್ಣ ಅಂತಲೇ ಕರೆಯುತ್ತಿದ್ದೆವು. ಬರಿಗಾಲಲ್ಲಿ ಆಡುತ್ತಿದ್ದ. ರ‍್ಯಾಕೆಟ್ಟಿನ ಗಟ್ ಕಿತ್ತುಹೋದರೆ ತಾನೇ ಕೂತು ಹೆಣೆದುಕೊಡುತ್ತಿದ್ದ. ನನ್ನ ಎರಡನೇ ಸರ್ವ್ ನೆಟ್‌ಗೆ ಬಿದ್ದಾಗಲೆಲ್ಲ ಅವನು ಹೇಳುತ್ತಿದ್ದ ಹೆಸರು ಇದು. "ಆಲ್ತಿಯಾ ಅಂತ ಒಬ್ಳಿದ್ಲು ಕಣವ್ವ. ಕಪ್ಪು ಎಂಗ್ಸು. ಇಂಡಿಯಾಗೂ ಬಂದು ಆಡೋಗವ್ಳೆ. ಸರ್ವ್ ಒಡುದ್ರೆ ಗಂಡುಸ್ರೂ ಇಂದಕ್ಕೆ ಸರೀತಿದ್ರಂತೆ."

ಇಂಡಿಯಾಗೆ ಬಂದದ್ದು ನಿಜ. ಆ ಕಥೆ ಆಮೇಲೆ ಹೇಳುತ್ತೇನೆ.

ಅವಳು ಹುಟ್ಟಿದ್ದು 1927ರ ಆಗಸ್ಟ್ 25ರಂದು, ದಕ್ಷಿಣ ಕ್ಯಾರೊಲಿನಾದ ಸಿಲ್ವರ್ ಅನ್ನುವ ಊರಲ್ಲಿ. ಅಪ್ಪ ಅಮ್ಮ ಹತ್ತಿ ಹೊಲದಲ್ಲಿ ಪಾಲಿಗೆ ದುಡಿಯುವವರು. ನ್ಯೂಯಾರ್ಕಿನ ಹಾರ್ಲೆಮ್‌ಗೆ ಬಂದರು. ಅವರ ಮನೆ ಇದ್ದ 143ನೇ ಬೀದಿಗೆ ಹಗಲು ಹೊತ್ತು ಗಾಡಿ ಬಿಡದೆ ಮಕ್ಕಳಿಗೆ ಆಟಕ್ಕೆ ಕೊಡುತ್ತಿದ್ದರು. ಅಲ್ಲಿ ಮರದ ಹಲಗೆಯಂಥ ಬ್ಯಾಟಿನಲ್ಲಿ ಪ್ಯಾಡಲ್ ಟೆನಿಸ್. ಸ್ಕೂಲಿಗೆ ಚಕ್ಕರ್ ಹೊಡೆಯುವುದರಲ್ಲೂ ಅವಳು ಚಾಂಪಿಯನ್ನೇ. ಇವಳ ಕೈಚಳಕ ನೋಡಿ ಬೀದಿಯವರೇ ಚಂದಾ ಎತ್ತಿ ಕಪ್ಪು ಜನರ ಟೆನಿಸ್ ಕ್ಲಬ್ಬಿಗೆ ಸೇರಿಸಿದರು. ಇವಳಿಗೆ ಸಿಕ್ಕ ಮೊದಲ ಸನ್ಮಾನ ಅದೇ ಅಂತ ನನ್ನ ಲೆಕ್ಕ.

ಮುಂದೆ ಇಬ್ಬರು ಕಪ್ಪು ಡಾಕ್ಟರುಗಳ ಕಣ್ಣಿಗೆ ಬಿದ್ದಳು, ವಾಲ್ಟರ್ ಜಾನ್ಸನ್ ಮತ್ತು ಹ್ಯೂಬರ್ಟ್ ಈಟನ್. ಹತ್ತೊಂಬತ್ತು ವರ್ಷದ ಹುಡುಗಿಯನ್ನು ಈಟನ್ ತಮ್ಮ ಮನೆಯಲ್ಲಿಟ್ಟುಕೊಂಡು ಮತ್ತೆ ಹೈಸ್ಕೂಲಿಗೆ ಕಳಿಸಿದರು. ಬೇಸಿಗೆ ಬಂದರೆ ಜಾನ್ಸನ್ ಮನೆ, ಅವರ ಅಂಗಳದ ಕೋರ್ಟು. ಅಲ್ಲಿಂದ ಫ್ಲೋರಿಡಾದ ಟ್ಯಾಲಹಾಸಿಗೆ, ಕಪ್ಪು ವಿದ್ಯಾರ್ಥಿಗಳ ಫ್ಲೋರಿಡಾ ಎ ಅಂಡ್ ಎಂ ಕಾಲೇಜಿಗೆ, ಪೂರ್ತಿ ಸ್ಕಾಲರ್‌ಶಿಪ್ ಮೇಲೆ. ಅದು 1949. ಹನ್ನೆರಡು ವರ್ಷದ ಮೇಲೆ, ಮುಂದೆ ದೊಡ್ಡ ಟೆನಿಸ್ ಚಾಂಪಿಯನ್ ಆದ ಬಿಲ್ಲಿ ಜೀನ್ ಕಿಂಗ್ ಲಾಸ್ ಏಂಜಲೀಸ್‌ನಲ್ಲಿ ಕಾಲೇಜಿಗೆ ಸೇರಿದಾಗ ಆಟಕ್ಕೆ ಅಂತ ಒಂದು ಪೈಸೆ ಸ್ಕಾಲರ್‌ಶಿಪ್ ಸಿಗಲಿಲ್ಲ. ಬಡ ಕಾಲೇಜು ಕೊಟ್ಟಿತ್ತು, ನೋಡಿ.

ನನಗೆ? ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋದ ಟಿಎ ಡಿಎ ಬಿಲ್ ಕೊಟ್ಟಿದ್ದೆ. 1987ರ ಬಿಲ್. ಇನ್ನೂ ಪಾಸಾಗಿಲ್ಲ.

ಕಾಲೇಜಿನಲ್ಲಿದ್ದಾಗಲೇ ಆಲ್ಥಿಯಾ ಕಪ್ಪು ಜನರ ರಾಷ್ಟ್ರೀಯ ಪಂದ್ಯವನ್ನು ವರ್ಷ ವರ್ಷ ಗೆಲ್ಲುತ್ತಿದ್ದಳು. ಫಾರೆಸ್ಟ್ ಹಿಲ್ಸ್‌ನ ದೊಡ್ಡ ಪಂದ್ಯಕ್ಕೆ, ಅಂದರೆ ಈಗಿನ ಯುಎಸ್ ಓಪನ್‌ಗೆ, ಮಾತ್ರ ಕರೆಯಿಲ್ಲ. ಕಪ್ಪು ಜನ ಬರಬಾರದು ಅಂತ ನಿಯಮ ಇರಲಿಲ್ಲ. ಮೊದಲು ಬೇರೆ ಕ್ಲಬ್ಬುಗಳ ಪಂದ್ಯದಲ್ಲಿ ಹೆಸರು ಮಾಡಬೇಕು, ಆ ಕ್ಲಬ್ಬುಗಳು ಬಿಳಿಯರಲ್ಲದವರನ್ನು ಕರೆಯಲ್ಲ. ಬಾಗಿಲು ತೆರೆದೇ ಇದೆ, ಮೆಟ್ಟಿಲು ಮಾತ್ರ ಕಿತ್ತಿಟ್ಟಿದ್ದಾರೆ. ನಮಗೆ ಗೊತ್ತಿಲ್ಲದ ಜಾಣತನವೇನಲ್ಲ. ಹಿಂದಿನ ಚಾಂಪಿಯನ್ ಆಲಿಸ್ ಮಾರ್ಬಲ್, ಬಿಳಿಯ ಹೆಂಗಸು, 1950ರ ಜುಲೈಯಲ್ಲಿ ಟೆನಿಸ್ ಪತ್ರಿಕೆಯೊಂದರಲ್ಲಿ ಇದನ್ನೆಲ್ಲ ಬಿಡಿಸಿ ಬರೆದು ಉಗಿದಳು. ಆಗಸ್ಟಿನಲ್ಲಿ ಆಲ್ಥಿಯಾ ಫಾರೆಸ್ಟ್ ಹಿಲ್ಸ್‌ನಲ್ಲಿದ್ದಳು.

ಎರಡನೇ ಸುತ್ತಿನಲ್ಲಿ ಎದುರಾಳಿ ಲೂಯಿಸ್ ಬ್ರೌ, ಆ ವರ್ಷದ ವಿಂಬಲ್ಡನ್ ಚಾಂಪಿಯನ್. ಮೊದಲ ಸೆಟ್ 1-6 ಸೋಲು. ಎರಡನೆಯದು 6-3 ಗೆಲುವು. ಮೂರನೆಯದರಲ್ಲಿ ಆಲ್ಥಿಯಾ 7-6 ಮುಂದೆ. ಒಂದೇ ಒಂದು ಗೇಮ್ ಸಾಕು. ಆಗ ಬಂತು ಗುಡುಗು ಮಳೆ. ಸಿಡಿಲು ಹೊಡೆದು ಸ್ಟೇಡಿಯಂ ಮೇಲಿದ್ದ ಕಲ್ಲಿನ ಹದ್ದೊಂದು ಕೆಳಗೆ ಬಿತ್ತು. ಆಟ ಮರುದಿನಕ್ಕೆ. ರಾತ್ರಿಯೆಲ್ಲ ಏನು ಯೋಚಿಸಿದಳೋ, ಬೆಳಗ್ಗೆ ಬ್ರೌ ಮೂರು ಗೇಮ್ ಗೆದ್ದು 9-7ಕ್ಕೆ ಮುಗಿಸಿದಳು. ಆಡಿದವರಿಗೆ ಈ ಸಂಕಟ ಗೊತ್ತು. ಸೋತು ಮಲಗಿದರೆ ನಿದ್ದೆ ಬರುತ್ತದೆ. ಗೆಲ್ಲೋದು ಒಂದು ಗೇಮ್ ಬಾಕಿ ಇಟ್ಟುಕೊಂಡು ಮಲಗಿದರೆ ಬರಲ್ಲ.

1953ರಲ್ಲಿ ಡಿಗ್ರಿ ಮುಗಿಸಿ ಮಿಸೌರಿಯ ಕಾಲೇಜೊಂದರಲ್ಲಿ ಪಿಟಿ ಟೀಚರ್ ಆದಳು. ಆಟ ಸಾಕಾಗಿತ್ತು. ಸೈನ್ಯದ ಮಹಿಳಾ ದಳಕ್ಕೆ ಸೇರುವ ಯೋಚನೆ ಮಾಡಿದ್ದಳು. ಅಷ್ಟರಲ್ಲಿ, 1955ರಲ್ಲಿ, ಅಮೆರಿಕ ಸರ್ಕಾರ ಏಷ್ಯಾ ಪ್ರವಾಸಕ್ಕೆ ಕರೆಯಿತು. ಹೊರಗಿನವರಿಗೆ ನಮ್ಮಲ್ಲಿ ಎಲ್ಲರೂ ಸಮ ಅಂತ ತೋರಿಸಬೇಕಿತ್ತು, ಅದಕ್ಕೆ ಇವಳು ಬೇಕಾದಳು. ಕಾರಣ ಏನೇ ಇರಲಿ, ಅವಳಿಗೆ ಆಟ ಮರಳಿ ಸಿಕ್ಕಿತು. ಅಣ್ಣ ಹೇಳುತ್ತಿದ್ದ "ಇಂಡಿಯಾಗೂ ಬಂದು" ಇದೇ. ಇಂಡಿಯಾದಲ್ಲೇ ಆಂಜೆಲಾ ಬಕ್ಸ್‌ಟನ್ ಅನ್ನುವ ಇಂಗ್ಲಿಷ್ ಹುಡುಗಿ ಸ್ನೇಹಿತೆಯಾದಳು. ಆಂಜೆಲಾ ಯಹೂದಿ. ಅವಳನ್ನೂ ಕ್ಲಬ್ಬುಗಳು ದೂರವೇ ಇಟ್ಟಿದ್ದವು. ಮರುವರ್ಷ, 1956ರಲ್ಲಿ, ಆಲ್ಥಿಯಾ ಫ್ರೆಂಚ್ ಸಿಂಗಲ್ಸ್ ಗೆದ್ದಳು. ಇಬ್ಬರೂ ಸೇರಿ ವಿಂಬಲ್ಡನ್ ಡಬಲ್ಸ್ ಗೆದ್ದರು.

1957ರ ವಿಂಬಲ್ಡನ್ ಫೈನಲ್‌ನಲ್ಲಿ ಡಾರ್ಲೀನ್ ಹಾರ್ಡ್ ವಿರುದ್ಧ 6-3, 6-2. ಬಹುಮಾನದ ತಟ್ಟೆ ಕೈಗಿತ್ತದ್ದು ರಾಣಿ ಎಲಿಜಬೆತ್. ಊರಿಗೆ ಬಂದರೆ ಬ್ರಾಡ್‌ವೇ ಬೀದಿಯಲ್ಲಿ ಕಾಗದದ ಚೂರಿನ ಮಳೆ, ಮೆರವಣಿಗೆ. ಆ ವರ್ಷವೇ ಅಮೆರಿಕದ್ದೂ ಗೆದ್ದಳು, ಫೈನಲ್‌ನಲ್ಲಿ ಸಿಕ್ಕವಳು ಅದೇ ಬ್ರೌ. 1958ರಲ್ಲಿ ಎರಡೂ ಮತ್ತೊಮ್ಮೆ. ಸಿಂಗಲ್ಸ್, ಡಬಲ್ಸ್ ಎಲ್ಲ ಸೇರಿ ಹನ್ನೊಂದು ಗ್ರ್ಯಾಂಡ್ ಸ್ಲಾಮ್.

ದುಡ್ಡು ಎಷ್ಟು ಬಂತು ಅಂತೀರಾ? ಸೊನ್ನೆ. ಆಗಿನ್ನೂ ಹವ್ಯಾಸಿಗಳ ಆಟ. ಬಹುಮಾನದ ಹಣ ಬಂದದ್ದು 1968ರಲ್ಲಿ. ಅಷ್ಟು ಹೊತ್ತಿಗೆ ಇವಳು ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಮುಂಚೆ ಜನರನ್ನು ರಂಜಿಸಲು ಟೆನಿಸ್ ಆಡಿ, ಹಾಡಿನ ರೆಕಾರ್ಡ್ ಮಾಡಿ, ಸಿನಿಮಾದಲ್ಲಿ ಚಿಕ್ಕ ಪಾತ್ರ ಮಾಡಿ, ಮೂವತ್ತೇಳಕ್ಕೆ ಗಾಲ್ಫ್ ವೃತ್ತಿಗೂ ಇಳಿದಾಗಿತ್ತು. ಕಿರೀಟ ತಿಂದು ಹೊಟ್ಟೆ ತುಂಬಲ್ಲ ಅನ್ನುವ ಅರ್ಥದ ಮಾತನ್ನು ಅವಳೇ ಹೇಳಿದ್ದಾಳೆ. ನಮ್ಮಮ್ಮ ನನ್ನ ಕಪ್‌ಗಳನ್ನು ಶೋಕೇಸಿನಲ್ಲಿಡುತ್ತಾ "ಇದನ್ನ ತೊಳೆದು ಗಂಜಿ ಕುಡೀತೀಯಾ?" ಅನ್ನುತ್ತಿದ್ದರು. ಇಬ್ಬರಿಗೂ ಪರಿಚಯ ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

ಕೊನೆಯ ವರ್ಷಗಳು ಇಲ್ಲೇ, ನ್ಯೂಜೆರ್ಸಿಯ ಈಸ್ಟ್ ಆರೆಂಜ್‌ನಲ್ಲಿ ಕಳೆದವು. ಕಾಯಿಲೆ, ಔಷಧಿಗೂ ಕಷ್ಟ. 1990ರ ದಶಕದಲ್ಲಿ ಒಂದು ದಿನ ಆಂಜೆಲಾಗೆ ಫೋನ್ ಮಾಡಿ ಬದುಕು ಸಾಕು ಅಂದಳಂತೆ. ಆಂಜೆಲಾ ಸುಮ್ನೆ ಕೂರಲಿಲ್ಲ. ಟೆನಿಸ್ ಪತ್ರಿಕೆಯಲ್ಲಿ ವಿಷಯ ಬರುವಂತೆ ಮಾಡಿದಳು. ಎಲ್ಲೆಲ್ಲಿಂದಲೋ ಕಾಗದ ಬಂತು, ಜೊತೆಗೆ ಹಣ ಬಂತು. ಮತ್ತೆ ಚಂದಾ! ಹಾರ್ಲೆಮ್ ಬೀದಿಯಲ್ಲಿ ಆದದ್ದೇ, ಬೀದಿ ಮಾತ್ರ ಸ್ವಲ್ಪ ಉದ್ದ. ಆಲ್ಥಿಯಾ ತೀರಿಕೊಂಡದ್ದು 2003ರ ಸೆಪ್ಟೆಂಬರ್ 28ರಂದು.

ಭಾನುವಾರ ಮಗಳನ್ನು ಎಳೆದುಕೊಂಡು ಏಳನೇ ನಂಬರ್ ಟ್ರೈನ್ ಹತ್ತಿ ಫ್ಲಶಿಂಗ್ ಮೆಡೋಸ್‌ಗೆ ಹೋದೆ. ಈಗ ಯುಎಸ್ ಓಪನ್ ನಡೆಯುವುದು ಅಲ್ಲಿ. ಆವರಣಕ್ಕೆ ಬಿಲ್ಲಿ ಜೀನ್ ಕಿಂಗ್ ಹೆಸರು. ದೊಡ್ಡ ಸ್ಟೇಡಿಯಂಗೆ ಕಪ್ಪು ಟೆನಿಸ್ ಚಾಂಪಿಯನ್ ಆರ್ಥರ್ ಆಶ್ ಹೆಸರು, ಅವನೂ ಡಾಕ್ಟರ್ ಜಾನ್ಸನ್ ಅಂಗಳದಲ್ಲೇ ಕಲಿತವನು. ಆಲ್ಥಿಯಾ ಪ್ರತಿಮೆ ಬಂದದ್ದು ಮಾತ್ರ 2019ರಲ್ಲಿ. ಐದು ಗ್ರಾನೈಟ್ ದಿಮ್ಮಿ, ಒಂದರಿಂದ ಅವಳ ತಲೆ, ಭುಜ ಎದ್ದು ಬಂದಿವೆ. ಉದ್ಘಾಟನೆಗೆ ಎಂಬತ್ತೈದರ ಆಂಜೆಲಾ ಬಂದಿದ್ದಳು. ನಾನು ಹೋದ ದಿನ ಯಾರೂ ಇರಲಿಲ್ಲ. ಕಲ್ಲು ಮುಟ್ಟಿದೆ, ತಣ್ಣಗಿತ್ತು.

"ನಿನಗೂ ಸನ್ಮಾನ ಮಾಡಿದ್ರಲ್ಲಮ್ಮ" ಅಂದಳು ಮಗಳು, ನಗುತ್ತಾ. ಮಾಡಿದ್ದರು. ಹೋದ ವರ್ಷ ಹಳೇ ವಿದ್ಯಾರ್ಥಿಗಳ ದಿನ. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಜಾರುತ್ತಿತ್ತು. ನಿರೂಪಕಿ "ಹೆಸರಾಂತ ಟೇಬಲ್ ಟೆನಿಸ್ ಆಟಗಾರ್ತಿ" ಅಂದಳು. ಟೇಬಲ್ ಎಲ್ಲಿಂದ ಬಂತೋ! ತಿದ್ದೋಣ ಅಂದುಕೊಂಡೆ, ಫೋಟೋದವನು ನಗಿ ಮೇಡಂ ಅಂದ. ನಕ್ಕೆ. ಸಭೆಯಲ್ಲಿ ಕಣ್ಣು ಅಣ್ಣನನ್ನು ಹುಡುಕುತ್ತಿತ್ತು. ಅವನು ಹೋಗಿ ಹನ್ನೆರಡು ವರ್ಷವಾಯಿತು, ಗೊತ್ತಿದ್ದೂ ಹುಡುಕುತ್ತಿತ್ತು.

ನೆಲಮಾಳಿಗೆಗೆ ವಾಪಸ್ ಬರೋಣ. ಒಗೆಯುವುದು ಮುಗಿದಿತ್ತು. ಡ್ರೈಯರ್‌ಗೆ ಆರು ನಾಣ್ಯ ಬೇಕು. ಬಾಟಲಿಯಲ್ಲಿ ಉಳಿದದ್ದು ಐದು. ಆರನೆಯದು ನನ್ನ ಮುಷ್ಟಿಯಲ್ಲಿ. ಮಗಳಿಗೆ ಫೋನ್ ಮಾಡಿದೆ.

"ಅಮ್ಮಾ, ಅದೂ ದುಡ್ಡೇ ತಾನೆ? ಹಾಕು, ಇನ್ನೊಂದು ಸಿಗುತ್ತೆ."

ಹಸಿ ಬಟ್ಟೆ ಬುಟ್ಟಿ ಹೊತ್ತು ಮೂರು ಮಹಡಿ ಹತ್ತಿದೆ. ಕುರ್ಚಿ, ಬಾಗಿಲು, ಸೋಫಾ, ಎಲ್ಲದರ ಮೇಲೂ ಹರವಿದೆ. ಮಗಳ ಜೀನ್ಸ್ ಒಣಗಲು ಎರಡು ದಿನ ಹಿಡಿಯಿತು.