ಮೇಲಿನ ತಂತಿ

ಬೆಳಿಗ್ಗೆ ಐದೂವರೆ ಇರಬೇಕು. ಎಚ್ಚರವಾಗಿ ಬಲಮಗ್ಗುಲಿಗೆ ಹೊರಳಿದೆ, ಅಷ್ಟೇ. ಕೋಣೆ ಗಿರ್ರನೆ ತಿರುಗತೊಡಗಿತು. ಬಿಸಿಲಲ್ಲಿ ಬಹಳ ಹೊತ್ತು ನಿಂತಾಗ ಕಣ್ಣು ಕತ್ತಲೆ ಬರುತ್ತದಲ್ಲ, ಆ ಥರದ್ದಲ್ಲ ಇದು. ಫ್ಯಾನು, ಕಿಟಕಿ, ಬೀರು ಎಲ್ಲವೂ ಒಂದೇ ದಿಕ್ಕಿಗೆ ಓಡುತ್ತಿದ್ದವು. ಮಂಚದ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದೆ. ಮುಚ್ಚಿದರೂ ನಿಲ್ಲಲಿಲ್ಲ. ಅರ್ಧ ನಿಮಿಷ ಹಾಗೇ ಇದ್ದು, ಆಮೇಲೆ ತಾನಾಗಿ ಇಳಿಯಿತು. "ರೀ..." ಎಂದು ಕರೆದೆ. ಆ ದನಿ ನನ್ನದೇ ಅನ್ನಿಸಲಿಲ್ಲ.

ಇವರು ಎದ್ದು ದೀಪ ಹಾಕಿದರು. ಗಾಬರಿಯಾಗಿದ್ದರೂ ತೋರಿಸಿಕೊಳ್ಳಲಿಲ್ಲ. "ಎಲ್ಲಿ, ಸ್ವಲ್ಪ ನಗು ನೋಡೋಣ" ಎಂದರು. ನಕ್ಕೆ. "ಎರಡೂ ಕೈ ಮೇಲೆತ್ತು. ಇವತ್ತು ಯಾವ ವಾರ ಹೇಳು." ಎತ್ತಿದೆ, ಹೇಳಿದೆ. ಮುಖ ಒಂದು ಕಡೆಗೆ ಜೋತು ಬಿದ್ದಿದೆಯೇ, ಒಂದು ಕೈ ತಾನಾಗಿ ಕೆಳಗಿಳಿಯುತ್ತಿದೆಯೇ, ಮಾತು ತೊದಲುತ್ತಿದೆಯೇ ಎಂದು ಅವರು ನೋಡುತ್ತಿದ್ದರು. ಈ ಮೂರರಲ್ಲಿ ಒಂದಿದ್ದರೂ ಪಾರ್ಶ್ವವಾಯು ಇರಬಹುದು, ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಬೇಕು ಎಂಬುದನ್ನು ನಾವಿಬ್ಬರೂ ನಿವೃತ್ತಿಯಾದ ವರ್ಷವೇ ಕಲಿತಿಟ್ಟುಕೊಂಡಿದ್ದೆವು. ಕಲಿತದ್ದು ಅವತ್ತು ಕೈ ಹಿಡಿಯಿತು. ಮೂರೂ ಸರಿಯಿದ್ದವು. ಆದರೂ ಹತ್ತು ಗಂಟೆಯ ಹೊತ್ತಿಗೆ ವೈದ್ಯರ ಮುಂದೆ ಕೂತಿದ್ದೆವು.

ನಾನು 34 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ನಿವೃತ್ತಿಯಾಗಿ ಐದು ವರ್ಷ. ಪಾಠ ಟಿಪ್ಪಣಿ ಬರೆಯುವ ಅಭ್ಯಾಸ ಕೈಬಿಡಲು ಮನಸ್ಸಾಗದೆ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ದಿನಕ್ಕೆ ಒಂದೇ ಸಾಲು. ಎಷ್ಟು ಹೊತ್ತು ನಿದ್ದೆ, ಎಷ್ಟು ನಿಮಿಷ ನಡಿಗೆ, ಅವತ್ತು ಮಾಡಿದ ಒಂದು ಕೆಲಸ. 'ಕುಂಡಗಳಿಗೆ ಮಣ್ಣು ಬದಲಿಸಿದೆ.' 'ಪದಬಂಧ ಪೂರ್ತಿ, ಇವರ ಸಹಾಯವಿಲ್ಲದೆ.' 'ಮೊಮ್ಮಗಳಿಗೆ ಫೋನಿನಲ್ಲಿ ಭಿನ್ನರಾಶಿ.' ಹೀಗೆ. ನಿವೃತ್ತಿಯ ಮೊದಲ ವರ್ಷ ದಿನಗಳು ಒಂದರೊಳಗೊಂದು ಕರಗಿ ಸೋಮವಾರವೋ ಗುರುವಾರವೋ ತಿಳಿಯದೆ ಹೋಗುತ್ತಿದ್ದವು. ಗಂಟೆ ಹೊಡೆಯುವವರಿಲ್ಲದ ದಿನಕ್ಕೆ ಈ ಒಂದು ಸಾಲೇ ಗಂಟೆ. ಈ ಸಲ ಅದು ಬೇರೆಯದೇ ಒಂದನ್ನು ತೋರಿಸಿಕೊಟ್ಟಿತು. ಅದನ್ನು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ವೈದ್ಯರು ನನ್ನನ್ನು ಪರೀಕ್ಷೆಯ ಮಂಚದ ಮೇಲೆ ಕೂರಿಸಿ, ತಲೆಯನ್ನು ಬಲಕ್ಕೆ 45 ಡಿಗ್ರಿ ತಿರುಗಿಸಿ, ಹಾಗೇ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ತುಸು ಕೆಳಗೆ. "ಕಣ್ಣು ಮುಚ್ಚಬೇಡಿ ಮೇಡಂ, ನನ್ನನ್ನೇ ನೋಡ್ತಿರಿ" ಎಂದರು. ಎರಡು ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ಮತ್ತೆ ಅದೇ ಸುತ್ತು. ನನ್ನ ಕಣ್ಣುಗುಡ್ಡೆಗಳು ಪಟಪಟ ಹೊಡೆದುಕೊಳ್ಳುತ್ತಿದ್ದವಂತೆ. ಅವರಿಗೆ ಬೇಕಾಗಿದ್ದದ್ದೂ ಅದೇ. ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ಇಬ್ಬರು 1952ರಲ್ಲಿ ವಿವರಿಸಿದ ಪರೀಕ್ಷೆ ಇದು. ಯಂತ್ರ ಬೇಡ, ರಕ್ತ ಬೇಡ. ಒಂದು ಮಂಚ, ನೋಡಲು ಬಲ್ಲ ಒಂದು ಜೊತೆ ಕಣ್ಣು.

ಆಮೇಲೆ ಅವರು ಹೇಳಿದ್ದನ್ನು ಕೇಳಿ ನಾನು ಸುಮ್ಮನೆ ಕೂತುಬಿಟ್ಟೆ. ಒಳಕಿವಿಯ ಅರ್ಧವೃತ್ತಾಕಾರದ ಮೂರು ನಾಳಗಳನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ! ನಾಳದೊಳಗೆ ದ್ರವ, ತಲೆ ತಿರುಗಿದರೆ ದ್ರವ ಅಲುಗುತ್ತದೆ, ಸುದ್ದಿ ಮಿದುಳಿಗೆ ಹೋಗುತ್ತದೆ. ಪಾಠ ಅಲ್ಲಿಗೆ ಮುಗಿಯುತ್ತಿತ್ತು. ಅದೇ ಕಿವಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿವೆ, ಸುಣ್ಣದಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ ಅವು, ವಯಸ್ಸಾದಂತೆ ಕೆಲವು ಸಡಿಲಗೊಂಡು ನಾಳದೊಳಕ್ಕೆ ಜಾರುತ್ತವೆ ಎಂದು ನಾನು ಯಾವ ಮಗುವಿಗೂ ಹೇಳಿರಲಿಲ್ಲ. ಮಗ್ಗುಲಾದಾಗ ಆ ಹರಳು ಉರುಳಿ ದ್ರವವನ್ನು ತಳ್ಳುತ್ತದೆ. ತಲೆ ನಿಂತಿದ್ದರೂ ತಿರುಗುತ್ತಿದೆ ಎಂದು ಕಿವಿ ಸುಳ್ಳು ಸುದ್ದಿ ಕಳಿಸುತ್ತದೆ. ಕಣ್ಣು ಅದನ್ನು ನಂಬಿ ಓಡುತ್ತದೆ.

ಮನೆಗೆ ಬಂದು ಓದಿದೆ. ಇಂಥ ಸುತ್ತನ್ನು 1921ರಲ್ಲೇ ವಿವರಿಸಿದವರು ರಾಬರ್ಟ್ ಬರಾನಿ. ರೋಗಿಗಳ ಕಿವಿಗೆ ನೀರು ಹಾಯಿಸಿ ತೊಳೆಯುವಾಗ ನೀರು ತಣ್ಣಗಿದ್ದರೆ ಅವರ ಕಣ್ಣುಗುಡ್ಡೆ ಒಂದು ದಿಕ್ಕಿಗೆ, ಬಿಸಿಯಿದ್ದರೆ ಎದುರು ದಿಕ್ಕಿಗೆ ಹೊಡೆದುಕೊಳ್ಳುವುದನ್ನು ಗಮನಿಸಿ, ಸಮತೋಲನದ ಗುಟ್ಟು ಒಳಕಿವಿಯಲ್ಲಿದೆ ಎಂದು ತೋರಿಸಿದವರು. 1914ರ ನೊಬೆಲ್ ಅವರಿಗೆ ಬಂತು. ಸುದ್ದಿ ತಲುಪಿದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ. ಇದನ್ನು ತರಗತಿಯಲ್ಲಿ ಹೇಳಿದ್ದರೆ ಹಿಂದಿನ ಬೆಂಚಿನ ಮಕ್ಕಳೂ ಕಿವಿಗೊಟ್ಟು ಕೇಳುತ್ತಿದ್ದರು. ಈಗ ಮೊಮ್ಮಗಳಿಗೆ ಹೇಳಿದ್ದೇನೆ.

ಚಿಕಿತ್ಸೆಗೂ ಮಾತ್ರೆಯಿಲ್ಲ. ತಲೆಯನ್ನು ಒಂದೊಂದೇ ಹಂತಕ್ಕೆ ತಿರುಗಿಸುತ್ತ, ಪ್ರತಿ ಹಂತದಲ್ಲೂ ತುಸು ಕಾಯುತ್ತ, ಹರಳು ಬಂದ ದಾರಿಯಲ್ಲೇ ಹೊರಕ್ಕೆ ಉರುಳುವಂತೆ ಮಾಡುತ್ತಾರೆ. ಎಪ್ಲಿ ಎಂಬ ವೈದ್ಯರು 1992ರಲ್ಲಿ ಪ್ರಕಟಿಸಿದ ವಿಧಾನ. ಕೆಲಸ ಮಾಡುವುದು ಗುರುತ್ವಾಕರ್ಷಣೆ ಮಾತ್ರ. ಎರಡು ಸಲ ಮಾಡಿಸಿಕೊಂಡೆ. ಹತ್ತನೇ ದಿನಕ್ಕೆ ಸುತ್ತು ಪೂರ್ತಿ ನಿಂತಿತ್ತು.

ಇಲ್ಲಿಂದ ಮುಂದಿನದ್ದೇ ನನಗೆ ಮುಖ್ಯ. ಕಾಯಿಲೆ ಹತ್ತು ದಿನಕ್ಕೆ ಹೋಯಿತು. ಹೆದರಿಕೆ ಎರಡು ತಿಂಗಳು ಕೂತಿತು.

ಎರಡು ದಿಂಬು ಇಟ್ಟುಕೊಂಡು ಮೇಲೆ ನೋಡುತ್ತ ಮಲಗತೊಡಗಿದೆ. ಬಲಕ್ಕೆ ಹೊರಳುವುದನ್ನು ಬಿಟ್ಟೆ. ತಲೆ ಮೇಲೆತ್ತಿದರೆ ಮತ್ತೆ ಬರಬಹುದು ಎಂದು ಮೇಲಿನ ಕಪಾಟಿಗೆ ಕೈ ಹಾಕುವುದನ್ನು ಬಿಟ್ಟೆ. ತಾರಸಿಯಲ್ಲಿ ನಮ್ಮದು ಎರಡು ತಂತಿ. ಕೆಳಗಿನದು ಎದೆಮಟ್ಟ, ಮೇಲಿನದಕ್ಕೆ ಕತ್ತು ಹಿಂದಕ್ಕೆ ಬಾಗಿಸಿ ಕೈ ಚಾಚಬೇಕು. ಬಟ್ಟೆ ಒಣಹಾಕುವುದು ಪೂರ್ತಿ ಇವರ ಪಾಲಿಗೆ ಹೋಯಿತು. ಹಿಂದೆಯೇ ಕುಂಡಗಳಿಗೆ ನೀರು ಹಾಕುವುದೂ ಹೋಯಿತು. ನಡಿಗೆಗೆ ಹೊರಟರೆ ಬೀದಿಯ ಮೂಲೆ ಬರುವಷ್ಟರಲ್ಲಿ ಕಾಲು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. ಮಗಳು ಫೋನು ಮಾಡಿದಾಗಲೆಲ್ಲ "ಅಮ್ಮಾ, ಹುಷಾರು, ಒಬ್ಬಳೇ ಎಲ್ಲೂ ಹೋಗಬೇಡ" ಎನ್ನುತ್ತಿದ್ದಳು. ಪ್ರೀತಿಯಿಂದ ಹೇಳಿದ ಮಾತು. ನನಗೆ ಬೇಕಾದ ನೆಪವೂ ಅದರಲ್ಲಿತ್ತು.

ಕೈಗೆ ಸಿಕ್ಕಿದ್ದು ಬಿ.ಪಿ. ಯಂತ್ರ. ದಿನಕ್ಕೆ ಎಂಟು ಹತ್ತು ಸಲ ನೋಡಿಕೊಳ್ಳುತ್ತಿದ್ದೆ. 152, 138, 161, 129. ಒಂದೊಂದು ಅಂಕಿಗೂ ಎದೆ ಧಸಕ್ಕೆನ್ನುತ್ತಿತ್ತು. ಧಸಕ್ಕೆಂದ ಮೇಲೆ ಮುಂದಿನ ಅಂಕಿ ಇನ್ನೂ ಏರುತ್ತಿತ್ತು. ವೈದ್ಯರ ಹತ್ತಿರ ಆ ಪಟ್ಟಿ ಒಯ್ದಾಗ ಅವರು ಅದನ್ನು ಓದದೆ ಪಕ್ಕಕ್ಕಿಟ್ಟು, ನೋಡುವ ಕ್ರಮ ಹೇಳಿಕೊಟ್ಟರು. ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ. ಮಾತಾಡಬಾರದು. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಡುವು. ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ. ಮಾಡಿದೆ. 132/78 ಬಂತು.

ಲೋಲಕದ ಪ್ರಯೋಗದಲ್ಲಿ ಮಕ್ಕಳಿಗೆ ಏನು ಹೇಳುತ್ತಿದ್ದೆ? ಒಂದು ಆಂದೋಲನವನ್ನು ಅಳೆಯಬೇಡಿ, 20 ಎಣಿಸಿ ಭಾಗಿಸಿ. ಅವಸರದಲ್ಲಿ ಒಂದೇ ಸಲ ಅಳೆದವರನ್ನು ಮತ್ತೆ ಮೊದಲಿಂದ ಮಾಡಿಸುತ್ತಿದ್ದೆ. ಅದೇ ನಿಯಮ ನನ್ನ ತೋಳಿಗೂ ಸಲ್ಲುತ್ತದೆ ಎಂದು ಹೆದರಿದ ಮನಸ್ಸಿಗೆ ಹೊಳೆಯಲಿಲ್ಲ. ನನ್ನ ವಯಸ್ಸಿನ ಎಷ್ಟೋ ಜನ ಒಂದು ಬೆಳಗಿನ ಒಂದು ಅಂಕಿ ನೋಡಿ ಇಡೀ ದಿನ ಕುಗ್ಗುವುದನ್ನು ಕಂಡಿದ್ದೇನೆ. ದಯವಿಟ್ಟು ಒಂದು ವಾರ ಬರೆದು ನೋಡಿ. ಹಾಗೆಂದು ಮಾತ್ರೆಯನ್ನು ಮಾತ್ರ ನೀವೇ ಕಡಿಮೆ ಮಾಡಿಕೊಳ್ಳಬೇಡಿ. ವೈದ್ಯರು ಇನ್ನೊಂದನ್ನೂ ಪರೀಕ್ಷಿಸಿದರು. ಮಲಗಿದ್ದಾಗಿನ ಬಿ.ಪಿ., ಎದ್ದು ನಿಂತ ಮೂರು ನಿಮಿಷದೊಳಗಿನ ಬಿ.ಪಿ. ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಏಳುವಾಗ ತಲೆ ಹಗುರಾಗಿ ಬೀಳುವ ಭಯವಿರುತ್ತದೆ, ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಕಾಣುವುದುಂಟು. ನನ್ನದು ಅಷ್ಟು ಇಳಿಯಲಿಲ್ಲ. ಆದರೂ ಅಂದಿನಿಂದ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಆಮೇಲೆ ಏಳುತ್ತೇನೆ.

ಒಂದು ಭಾನುವಾರ ನೋಟ್‌ಬುಕ್ ತಿರುವಿ ಹಾಕುತ್ತಿದ್ದೆ. ನಡಿಗೆಯ ಅಂಕಣ: 35, 40, 35. ಆ ಬೆಳಗಿನ ನಂತರ 0, 0, 10, 8, 0, 12, 0, 0. ನಿದ್ದೆ ಏಳು ಗಂಟೆಯಿಂದ ನಾಲ್ಕೂವರೆಗೆ ಇಳಿದಿತ್ತು. ಮಾಡಿದ ಕೆಲಸದ ಜಾಗ ಹದಿನೆಂಟು ದಿನ ಖಾಲಿ. ಸುತ್ತು ಬಂದದ್ದು ಅದರಲ್ಲಿ ಎರಡೇ ಸಲ. ಉಳಿದದ್ದನ್ನೆಲ್ಲ ನಾನೇ ಬಿಟ್ಟುಕೊಟ್ಟಿದ್ದೆ. ಓದುತ್ತ ಓದುತ್ತ ಕಣ್ಣು ತುಂಬಿತು. ಕುರ್ಚಿಯಿಂದ ಏಳಲು ಹೋದೆ. ಎರಡೂ ಕೈ ಊರದೆ ಏಳಲಾಗಲಿಲ್ಲ.

ಮಾರನೆಯ ದಿನ ಫಿಸಿಯೋಥೆರಪಿಯ ಹುಡುಗಿಯ ಹತ್ತಿರ ಹೋದೆ. ಮೊಮ್ಮಗಳಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳಿರಬಹುದು. ಕೈ ಎದೆಗೆ ಅಡ್ಡ ಕಟ್ಟಿಸಿ, ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೇನೆಂದು ಎಣಿಸಿದಳು. ಕಷ್ಟಪಟ್ಟು ಆರು. 65 ವಯಸ್ಸಿಗೆ ಹನ್ನೊಂದಾದರೂ ಬರಬೇಕಂತೆ. "ಆಂಟಿ, ಮಂಡಿ ಕೆಟ್ಟಿಲ್ಲ, ತೊಡೆ ಸೋತಿದೆ. ತೊಡೆ ಬಂದರೆ ಮಂಡಿ ತಾನೇ ಸುಮ್ಮನಾಗುತ್ತೆ" ಎಂದಳು. ಅಡುಗೆಮನೆಯ ಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು. ಹೆಬ್ಬೆರಳನ್ನೇ ದಿಟ್ಟಿಸುತ್ತ ತಲೆಯನ್ನು ಮಾತ್ರ ಎಡಬಲ ಆಡಿಸುವುದು. ಹೆದರಿದ್ದ ಮಗ್ಗುಲಿಗೇ ಬೇಕೆಂದೇ ಮಲಗಿ ಏಳುವುದು. ಈ ಕೊನೆಯದನ್ನು ಮೊದಲ ಸಲ ಮಾಡಿದಾಗ ಇವರ ಕೈಯನ್ನು ಎಷ್ಟು ಬಿಗಿ ಹಿಡಿದಿದ್ದೆನೆಂದರೆ ಉಗುರಿನ ಗುರುತು ಸಂಜೆಯವರೆಗೂ ಇತ್ತು.

ಏಳು, ಏಳು, ಎಂಟು. ಒಂದು ವಾರ ಹುರುಪು ಹೆಚ್ಚಾಗಿ ದಿನಕ್ಕೆ ಮೂರು ಸಲ ಮಾಡಿ ಮಂಡಿ ಊದಿಸಿಕೊಂಡು ನಾಲ್ಕು ದಿನ ಕೂತೆ. ಮತ್ತೆ ಏಳು. ಒಂಬತ್ತು. ಹನ್ನೊಂದು.

ಅಷ್ಟರಲ್ಲಿ ಇವರ ಎಡಗಣ್ಣಿನ ಪೊರೆ ತೆಗೆಸುವ ದಿನ ಬಂತು. ಶಸ್ತ್ರಕ್ರಿಯೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಪಟ್ಟಿ ಬಿಚ್ಚಿದ ಮಾರನೆಯ ದಿನ ಅವರು ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ನನ್ನ ಸೀರೆಯನ್ನೇ ನೋಡುತ್ತ ನಿಂತರು. "ಇದು ನೀಲಿಯೇನೇ? ನಾನು ಇಷ್ಟು ದಿನ ಬೂದು ಅಂದುಕೊಂಡಿದ್ದೆ." ಹಳೆಯ ಮಸೂರ ವರ್ಷಗಟ್ಟಲೆ ನಿಧಾನವಾಗಿ ಹಳದಿಯಾಗಿ ನೀಲಿಯನ್ನು ನುಂಗುತ್ತ ಬಂದಿರುತ್ತದೆ, ಅದು ಗೊತ್ತೇ ಆಗಿರುವುದಿಲ್ಲ. ಅವರ ಮುಖದಲ್ಲಿ ಆಗಿದ್ದ ಬೆರಗನ್ನು ನಾನು ಮರೆಯುವವಳಲ್ಲ.

ಕೆಲವು ವಾರ ಅವರು ಭಾರ ಎತ್ತುವಂತಿಲ್ಲ, ಬಗ್ಗುವಂತಿಲ್ಲ, ಕಣ್ಣುಜ್ಜುವಂತಿಲ್ಲ. ಹೇಳಿದ ಹೊತ್ತಿಗೆ ಹನಿ ಹಾಕುವ ಕೆಲಸ ನನ್ನದಾಯಿತು. ಒಗೆದ ಬಟ್ಟೆಯ ಬಕೆಟ್ಟೂ ನನ್ನದೇ.

ಮೊದಲ ದಿನ ಎಲ್ಲವನ್ನೂ ಕೆಳಗಿನ ತಂತಿಯ ಮೇಲೆ ಒತ್ತೊತ್ತಾಗಿ ಹಾಕಿ ಬಂದೆ. ಸಂಜೆಯಾದರೂ ಒಣಗಿರಲಿಲ್ಲ. ಮೂರನೆಯ ದಿನ ಹಾಸಿಗೆಯ ಹೊದಿಕೆ ಇತ್ತು. ಕೆಳಗೆ ಹಾಕಿದರೆ ನೆಲ ಗುಡಿಸುತ್ತದೆ. ಬಹಳ ಹೊತ್ತು ನಿಂತೆ. ಎಡಗೈಯಿಂದ ಕಂಬ ಹಿಡಿದೆ, ಪಾದ ಸ್ವಲ್ಪ ಅಗಲಿಸಿದೆ, ಮೇಲೆ ನೋಡಿದೆ. ಆಕಾಶ ಇದ್ದಲ್ಲೇ ಇತ್ತು. ಹೊದಿಕೆಯ ಒಂದು ತುದಿ ಎಸೆದೆ, ಇನ್ನೊಂದು ತುದಿ ಎಳೆದೆ, ಕ್ಲಿಪ್ಪು ಹಾಕಿದೆ. ಇವರು ಕಪ್ಪು ಕನ್ನಡಕ ಹಾಕಿಕೊಂಡು ಮೆಟ್ಟಿಲ ಬಾಗಿಲಲ್ಲಿ ನಿಂತಿದ್ದರು. ಯಾವಾಗ ಬಂದರೋ ತಿಳಿಯದು. ಏನೂ ಹೇಳಲಿಲ್ಲ. ಅವತ್ತಿನ ಸಾಲು: 'ಮೇಲಿನ ತಂತಿ. ಹೊದಿಕೆ ಒಂದು, ಟವೆಲು ನಾಲ್ಕು.'

ಅದಾಗಿ ಆರು ವಾರ. ನಡಿಗೆ ಈಗ 30 ನಿಮಿಷ. ನಿದ್ದೆ ಆರು ಗಂಟೆ. ಕುಂಡಗಳಲ್ಲಿ ಎರಡು ಒಣಗಿಹೋದವು, ಉಳಿದವು ಚಿಗುರುತ್ತಿವೆ.

ನಿನ್ನೆ ಬೆಳಿಗ್ಗೆ ಎಡಮಗ್ಗುಲಿಗೆ ಹೊರಳಿದಾಗ ಕಿಟಕಿ ಮತ್ತೆ ಜಾರಿತು. ಇದು ಮರುಕಳಿಸುವ ತೊಂದರೆ ಎಂದು ವೈದ್ಯರು ಮೊದಲೇ ಹೇಳಿದ್ದರು. ಈ ಸಲ ಮಂಚ ಹಿಡಿದು ಎಣಿಸಿದೆ. ಹದಿನಾಲ್ಕು ಸೆಕೆಂಡು. ಎದ್ದು ಕೂತು ಇವರನ್ನು ಎಬ್ಬಿಸಿದೆ, ನಗಿಸಿದರು, ಕೈ ಎತ್ತಿಸಿದರು. ವೈದ್ಯರು ಪರೀಕ್ಷೆ ಮಾಡಿ ಈ ಸಲ ಎಡಕಿವಿ ಎಂದರು, ತಲೆ ತಿರುಗಿಸಿ ಕಳಿಸಿದರು. ಸಂಜೆ ಇವರ ಜೊತೆ ಬೀದಿಯ ಮೂಲೆ ದಾಟಿ, ಉದ್ಯಾನದ ಗೇಟಿನವರೆಗೆ ಹೋಗಿ ಬಂದೆ. 18 ನಿಮಿಷ.

ಇವತ್ತು ಬಟ್ಟೆ ಕೆಳಗಿನ ತಂತಿಯಲ್ಲಿವೆ. ಬಿಸಿಲು ಚೆನ್ನಾಗಿದೆ, ಒಣಗುತ್ತವೆ.